ಮಕ್ಕಳ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ವಿಳಂಬ

ಸ್ಕೋಲಿಯೋಸಿಸ್ ಎಂಬುದು ಬೆನ್ನುಮೂಳೆಯು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಸ್ಥಿತಿ. ಕ್ಷ-ಕಿರಣ ಚಿತ್ರದಲ್ಲಿ ಅಳೆಯುವ ಬಾಗಿನ ಕೋನವನ್ನು ಕಾಬ್ ಕೋನವೆನ್ನುತ್ತಾರೆ. ಬೆಳೆಯುತ್ತಿರುವ ಮಕ್ಕಳಲ್ಲಿ ಬಾಗು ಹೆಚ್ಚುತ್ತ ಹೋಗಬಹುದಾದ್ದರಿಂದ, ಶಸ್ತ್ರಚಿಕಿತ್ಸೆಗೆ ಕಾಯುವ ಅವಧಿಯು ಫಲಿತಾಂಶದ ಮೇಲೆ ಪ್ರಭಾವ ಬೀರುತ್ತದೆ.

ಪರಿಣಾಮಗಳು

ಸಾಮಾನ್ಯವಾಗಿ 25ರಿಂದ 40 ಡಿಗ್ರಿಯ ಬಾಗಿಗೆ ಬ್ರೇಸ್ ತೊಡಿಸಲಾಗುತ್ತದೆ; 45–50 ಡಿಗ್ರಿ ಮೀರಿದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಹದಿಹರೆಯದಲ್ಲಿ ಎತ್ತರ ವೇಗವಾಗಿ ಹೆಚ್ಚುವಾಗ ಬಾಗೂ ಬೇಗ ಹೆಚ್ಚಬಹುದು. ಎದೆಭಾಗದ ತೀವ್ರ ಬಾಗು ಶ್ವಾಸಕೋಶದ ಸಾಮರ್ಥ್ಯವನ್ನು ಕುಗ್ಗಿಸುತ್ತದೆ; ಬಾಗು ದೊಡ್ಡದಾದಷ್ಟೂ ಶಸ್ತ್ರಚಿಕಿತ್ಸೆ ಜಟಿಲವಾಗುತ್ತದೆ. ನೋವು, ಶಾಲೆಗೆ ಗೈರುಹಾಜರಿ ಹಾಗೂ ದೇಹದ ಆಕಾರದ ಕುರಿತ ಸಂಕೋಚ ಮಗುವನ್ನು ಕಾಡಿದರೆ, ಆತಂಕ, ಪ್ರಯಾಣದ ವೆಚ್ಚ ಮತ್ತು ಕೂಲಿಯ ನಷ್ಟ ಪೋಷಕರನ್ನು ಬಾಧಿಸುತ್ತವೆ.

ಕರ್ನಾಟಕದಲ್ಲಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು ಭರಿಸುತ್ತದೆ. ಆದರೆ ದಿನಗೂಲಿಯ ನಷ್ಟ ಇದರಲ್ಲಿ ಸೇರುವುದಿಲ್ಲ. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನಂತಹ ತುಂಗಭದ್ರಾ ತೀರದ ಗ್ರಾಮಗಳಿಂದ ಜಿಲ್ಲಾ ಕೇಂದ್ರ ಗದಗಕ್ಕೆ, ಪರಿಣತ ಚಿಕಿತ್ಸೆ ಬೇಕಾದಲ್ಲಿ ಹುಬ್ಬಳ್ಳಿ ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಹೀಗಾಗಿ ಪ್ರತಿ ಮರುಭೇಟಿಯೂ ಕುಟುಂಬದ ದುಡಿಮೆಯ ದಿನಗಳನ್ನು ಕಳೆಯುತ್ತದೆ.

ಇತರ ದೇಶಗಳಲ್ಲಿ

ಐರ್ಲೆಂಡ್‌ನಲ್ಲಿ ಈ ವಿಳಂಬವು ರಾಷ್ಟ್ರೀಯ ಚರ್ಚೆಯ ವಿಷಯವಾಯಿತು. ಯಾವ ಮಗುವೂ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಯಬೇಕಾಗದು ಎಂದು ಅಲ್ಲಿನ ಆರೋಗ್ಯ ಸಚಿವ ಸೈಮನ್ ಹ್ಯಾರಿಸ್ 2017ರಲ್ಲಿ ಭರವಸೆ ನೀಡಿದರು. ಆದರೆ ಆ ಗುರಿ ಈಡೇರಲಿಲ್ಲ.