ಅಮ್ಮನ ಹೆಸರಿನ ಸೈಕಲ್ಲು

ಕಂಪನಿ ಕೆಲಸದ ಮೇಲೆ ಆರು ತಿಂಗಳು ಟೋಕಿಯೋದಲ್ಲಿದ್ದೆ. ಬುಲೆಟ್ ಟ್ರೈನ್ ನೋಡಿ ಬೆರಗಾಗೋಣ ಅಂತ ಹೋದವನು ಬೆರಗಾಗಿದ್ದು ಸೈಕಲ್ ನೋಡಿ. ಬೆಳಗ್ಗೆ ಎಂಟೂವರೆ, ಜಿಟಿಜಿಟಿ ಮಳೆ, ಒಬ್ಬ ತಾಯಿ ಹ್ಯಾಂಡಲ್ ಹತ್ತಿರ ಒಂದು ಮಗು, ಹಿಂದೆ ಇನ್ನೊಂದು ಮಗು ಕೂರಿಸ್ಕೊಂಡು ಶಿಶುವಿಹಾರಕ್ಕೆ ಹೊರಟಿದ್ದಳು. ಆ ಸೈಕಲ್ಲಿಗೆ ಅಲ್ಲಿ 'ಮಾಮಾಚಾರಿ' ಅಂತಾರೆ. ನಮ್ಮ ಸೋದರಮಾವ ಅಲ್ಲ ಮತ್ತೆ! ಅವರ ಮಾಮಾ ಅಂದ್ರೆ ಅಮ್ಮ. ಚಾರಿ ಅಂದ್ರೆ ಆಡುಮಾತಿನ ಸೈಕಲ್ಲು.

ಹಿಂದೆ ಅಲ್ಲೂ ಸೈಕಲ್ ಅಂದ್ರೆ ಸಾಮಾನು ಹೊರುವ ಗಂಡಸರ ಭಾರದ ಗಾಡಿ. ನಮ್ಮಪ್ಪನ ಅಟ್ಲಾಸ್ ಥರ. 1956ರಲ್ಲಿ ಯಾಮಾಗುಚಿ ಕಂಪನಿ 'ಸ್ಮಾರ್ಟ್ ಲೇಡಿ' ಅನ್ನೋ ಹಗುರ ಸೈಕಲ್ ತಂದಿತು. ಸ್ಕರ್ಟ್ ಹಾಕಿದವರೂ ಸಲೀಸಾಗಿ ಹತ್ತಲು ನಡುವಿನ ಅಡ್ಡಪಟ್ಟಿಯನ್ನೇ ತೆಗೆದು ಬಗ್ಗಿಸಿದ್ದರು. ಮುಂದೆ ಬುಟ್ಟಿ, ಚೈನಿಗೆ ಕವಚ, ಹಿಂದಿನ ಚಕ್ರಕ್ಕೆ ಬೀಗ, ಬೀಳದ ಹಾಗೆ ಅಗಲದ ಸ್ಟ್ಯಾಂಡು ಎಲ್ಲ ಸೇರ್ಕೊಂಡು ಈಗಿನ ರೂಪ ಬಂತು.

1970ರಲ್ಲಿ ಜಪಾನಿನ ರಸ್ತೆಗಳಲ್ಲಿ ಸತ್ತವರು 16,765 ಜನ. ಅದೇ ವರ್ಷ ಕಾನೂನು ತಿದ್ದಿ, ಬೋರ್ಡ್ ಹಾಕಿದ ಕಡೆ ಸೈಕಲ್ಲುಗಳನ್ನು ಫುಟ್‌ಪಾತಿಗೆ ಹತ್ತಿಸಿದರು. ಕಾರುಗಳಿಗೆ ರಸ್ತೆ ಬಿಟ್ಟುಕೊಟ್ಟ ಹಾಗಾಯ್ತು, ನಿಜ. ನಡೆಯುವ ಮುದುಕರಿಗೆ ಇವತ್ತಿಗೂ ಅದು ಕಿರಿಕಿರಿ. ಆದ್ರೆ ಮಕ್ಕಳನ್ನು ಕೂರಿಸ್ಕೊಂಡ ಅಮ್ಮಂದಿರಿಗೆ ನಿಧಾನವಾಗಿ ಹೋಗೋಕೆ ಒಂದು ಜಾಗ ಸಿಕ್ಕಿತು. 1993ರಲ್ಲಿ ಯಮಾಹಾ ಮೋಟಾರಿನ ಸಹಾಯ ಇರೋ ಪೆಡಲ್ ಸೈಕಲ್ ತಂದ ಮೇಲೆ ದಿಬ್ಬಗಳೂ ಸುಲಭವಾದವು.

ನನಗೆ ತುಂಬಾ ಹಿಡಿಸಿದ್ದು ಆಮೇಲಿನ ಕಥೆ. ಇಬ್ಬರು ಮಕ್ಕಳನ್ನು ಕೂರಿಸೋದು ನಿಯಮದ ಪ್ರಕಾರ ತಪ್ಪೇ, ಆದರೆ ಪೊಲೀಸರು ನೋಡಿಯೂ ನೋಡದ ಹಾಗಿರ್ತಿದ್ದರು. 2008ರಲ್ಲಿ ಬಿಗಿ ಮಾಡೋಕೆ ಹೊರಟಾಗ ತಾಯಂದಿರು ಸಿಡಿದೆದ್ದರು. ಒಂದು ಮಗುವನ್ನು ಮನೇಲಿ ಬಿಟ್ಟು ಹೋಗೋಕಾಗುತ್ತಾ? ಪೊಲೀಸರು ಪಟ್ಟು ಸಡಿಲಿಸಿದರು. ಮೂವರ ಭಾರಕ್ಕೂ ಓಲಾಡದ ಸೈಕಲ್ ಮಾಡಿ ಅಂತ ಕಂಪನಿಗಳಿಗೆ ಹೇಳಿದರು. 2009ರ ಜುಲೈನಿಂದ ಅಂಥ ಗಟ್ಟಿ ಸೈಕಲ್ಲಿನಲ್ಲಿ ಇಬ್ಬರನ್ನು ಕೂರಿಸಲು ಅನುಮತಿ ಸಿಗತೊಡಗಿತು. ಬಗ್ ಇದೆ ಅಂತ ಬಳಸುವವರನ್ನೇ ಬೈಯೋ ನಮ್ಮ ಫೀಲ್ಡಿನವರು ಇದನ್ನು ಓದಬೇಕು.

ನಮ್ಮಮ್ಮನಿಗೆ ಸೈಕಲ್ ಬರಲ್ಲ. ಆಸ್ಪತ್ರೆಗೋ ಸಂತೆಗೋ ಹೋಗಬೇಕಂದ್ರೆ ಅಪ್ಪ ಗದ್ದೆಯಿಂದ ಬರೋವರೆಗೂ ಕಾಯ್ತಿದ್ದಳು. ಆಮೇಲೆ ಕ್ಯಾರಿಯರ್ ಮೇಲೆ ಒಂದು ಕಡೆ ಕಾಲು ಹಾಕಿ ಕೂರ್ತಿದ್ದಳು. ಟೋಕಿಯೋದಿಂದ ವಿಡಿಯೋ ಕಾಲ್‌ನಲ್ಲಿ ಒಂದು ಮಾಮಾಚಾರಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಇದನ್ನ ಸೀರೆ ಉಟ್ಕೊಂಡೂ ಹತ್ತಬೋದಲ್ವೇನೋ?"