ಬಾಲಾಪರಾಧ ಮತ್ತು ವ್ಯಕ್ತಿತ್ವ ಮಾಪನ

ಬಾಲಾಪರಾಧದೊಂದಿಗೆ ನಂಟಿರುವ ಸ್ವಭಾವ ಲಕ್ಷಣಗಳನ್ನು ಪ್ರಶ್ನಾವಳಿ, ಸಂದರ್ಶನ ಮತ್ತು ಕಡತಗಳ ಪರಿಶೀಲನೆಯಿಂದ ಅಂಕಗಳಲ್ಲಿ ಗುರುತಿಸುವ ಮನೋವೈಜ್ಞಾನಿಕ ವಿಧಾನ. ಪರಿಣಾಮವನ್ನು ಯೋಚಿಸದೆ ಥಟ್ಟನೆ ವರ್ತಿಸುವ ಆವೇಗಶೀಲತೆ, ಆಕ್ರಮಣಶೀಲತೆ, ಹಿರಿಯರ ಬಗೆಗಿನ ಅಪನಂಬಿಕೆ, ಪರರ ನೋವಿಗೆ ಮಿಡಿಯದಿರುವುದು ಇವು ಮುಖ್ಯವಾಗಿ ಅಳೆಯಲ್ಪಡುವ ಲಕ್ಷಣಗಳು.

ಅಮೆರಿಕದ ಸ್ಟಾರ್ಕ್ ಹ್ಯಾಥವೇ ಮತ್ತು ಎಲಿಯೊ ಮೊನಾಚೆಸಿ 1947ರಿಂದ ಮಿನೆಸೋಟ ರಾಜ್ಯದ ಒಂಬತ್ತನೆಯ ತರಗತಿಯ ಸುಮಾರು 15,000 ವಿದ್ಯಾರ್ಥಿಗಳಿಗೆ ಮಿನೆಸೋಟ ಬಹುಮುಖಿ ವ್ಯಕ್ತಿತ್ವ ಪ್ರಶ್ನಾವಳಿಯನ್ನು ನೀಡಿ, ಮುಂದಿನ ವರ್ಷಗಳಲ್ಲಿ ಪೊಲೀಸ್ ಮತ್ತು ನ್ಯಾಯಾಲಯದ ದಾಖಲೆಗಳೊಂದಿಗೆ ಅವರ ಉತ್ತರಗಳನ್ನು ತಾಳೆ ನೋಡಿದರು. ಸಾಮಾಜಿಕ ಕಟ್ಟುಪಾಡುಗಳನ್ನು ಧಿಕ್ಕರಿಸುವ ಒಲವನ್ನೂ ಅತಿಯಾದ ಚಟುವಟಿಕೆಯನ್ನೂ ಸೂಚಿಸುವ ಮಾಪಕಗಳಲ್ಲಿ ಹೆಚ್ಚು ಅಂಕ ಪಡೆದವರಲ್ಲಿ ಅಪರಾಧದ ಪ್ರಮಾಣ ಹೆಚ್ಚಿದ್ದರೆ, ಖಿನ್ನತೆ ಮತ್ತು ಸಂಕೋಚದ ಮಾಪಕಗಳಲ್ಲಿ ಮುಂದಿದ್ದವರಲ್ಲಿ ಅದು ಕಡಿಮೆಯಿತ್ತು. ಬಾಲಾಪರಾಧವನ್ನೇ ಗಮನದಲ್ಲಿಟ್ಟು ಕ್ಯಾಲಿಫೋರ್ನಿಯದ ಕಾರ್ಲ್ ಜೆಸ್ನೆಸ್ 1962ರಲ್ಲಿ ಹೊರತಂದ ಪ್ರಶ್ನಾವಳಿಯಲ್ಲಿ 'ಸರಿ' ಅಥವಾ 'ತಪ್ಪು' ಎಂದು ಉತ್ತರಿಸಬೇಕಾದ 155 ಹೇಳಿಕೆಗಳಿವೆ. ಉತ್ತರಗಳು ಸಾಮಾಜಿಕ ಹೊಂದಾಣಿಕೆಯ ಕೊರತೆ, ಅಪಕ್ವತೆ, ಪರಕೀಯತೆ ಮುಂತಾದ 11 ಮಾಪಕಗಳಲ್ಲಿ ಹಂಚಿಹೋಗುತ್ತವೆ.

ಈ ಅಂಕಗಳು ಗುಂಪಿನ ಒಲವನ್ನು ತೋರಿಸುತ್ತವೆಯೇ ಹೊರತು ಒಂದು ಮಗುವಿನ ಭವಿಷ್ಯವನ್ನು ನಿರ್ಧರಿಸುವುದಿಲ್ಲ. ಉದಾಹರಣೆಗೆ, 1,000 ಮಕ್ಕಳಲ್ಲಿ 50 ಮಂದಿ ಮುಂದೆ ಅಪರಾಧವೆಸಗುವರೆಂದೂ, ಪರೀಕ್ಷೆಯೊಂದು ಎರಡೂ ಗುಂಪುಗಳಲ್ಲಿ ನೂರಕ್ಕೆ 80ರಷ್ಟು ಸರಿಯಾದ ಫಲಿತಾಂಶ ಕೊಡುವುದೆಂದೂ ಭಾವಿಸಿದರೆ, ಅದು ಆ 50ರಲ್ಲಿ 40 ಮಂದಿಯನ್ನು ಗುರುತಿಸುವುದರ ಜೊತೆಗೆ ಉಳಿದ 950 ಮಕ್ಕಳಲ್ಲಿ 190 ಮಂದಿಯನ್ನೂ ಅಪರಾಧಿಗಳಾಗುವವರ ಪಟ್ಟಿಗೆ ಸೇರಿಸುತ್ತದೆ. ಓದಿನ ಮಟ್ಟ, ಪ್ರಶ್ನಾವಳಿಯ ಭಾಷೆ, ಶಿಕ್ಷೆಯ ಭಯ ಇವುಗಳಿಂದಲೂ ಉತ್ತರಗಳು ಬದಲಾಗುತ್ತವೆ. ಆದ್ದರಿಂದ ಒಂದು ಸಮಾಜದಲ್ಲಿ ರೂಪುಗೊಂಡ ಮಾಪಕವನ್ನು ಇನ್ನೊಂದರಲ್ಲಿ ಬಳಸುವ ಮೊದಲು ಅಲ್ಲಿನ ಮಕ್ಕಳ ಮೇಲೆಯೇ ಅದನ್ನು ಪ್ರಮಾಣೀಕರಿಸುವುದು ಅಗತ್ಯ.

ಹದಿಹರೆಯದ ಸ್ವಭಾವ ಸ್ಥಿರವಲ್ಲ ಎಂಬುದೂ ಮುಖ್ಯ. ಮನೋವಿಜ್ಞಾನಿ ಟೆರಿ ಮೊಫಿಟ್ 1993ರಲ್ಲಿ, ಬಾಲ್ಯದಿಂದಲೇ ಆರಂಭವಾಗಿ ಬಹುಕಾಲ ಮುಂದುವರಿಯುವ ಸಮಾಜವಿರೋಧಿ ವರ್ತನೆಯನ್ನು ಹದಿಹರೆಯಕ್ಕಷ್ಟೇ ಸೀಮಿತವಾದುದರಿಂದ ಬೇರ್ಪಡಿಸಿ, ಎರಡನೆಯ ಗುಂಪಿನವರೇ ಬಹುಸಂಖ್ಯಾತರೆಂದು ವಾದಿಸಿದರು.

ಭಾರತದ 2015ರ ಬಾಲನ್ಯಾಯ ಕಾಯ್ದೆಯ 15ನೆಯ ಕಲಮಿನಂತೆ, 16 ವರ್ಷ ತುಂಬಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪ ಬಂದಾಗ ಬಾಲನ್ಯಾಯ ಮಂಡಳಿಯು ಅದರ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ ಮತ್ತು ಕೃತ್ಯದ ಸನ್ನಿವೇಶವನ್ನು ಪರಿಶೀಲಿಸುತ್ತದೆ. ಇದಕ್ಕೆ ಮನೋವಿಜ್ಞಾನಿಗಳ ನೆರವನ್ನೂ ಪಡೆಯಬಹುದು. ಪ್ರಶ್ನಾವಳಿಯ ಅಂಕವೊಂದೇ ಇವುಗಳಲ್ಲಿ ಯಾವುದಕ್ಕೂ ಉತ್ತರವಾಗದು. ಕುಟುಂಬ, ಶಾಲೆ ಮತ್ತು ಒಡನಾಟದ ವಿವರಗಳೊಂದಿಗೆ ಸೇರಿಸಿ ಓದಿದಾಗ ಮಾತ್ರ ಅದು ಮಗುವಿಗೆ ಬೇಕಾದ ನೆರವನ್ನು ನಿರ್ಧರಿಸಲು ಉಪಯುಕ್ತವಾಗುತ್ತದೆ.