ಡಾರ್ಕ್ ರೂಮ್ ಮುಚ್ಚಿದ ಮೇಲೆ

1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣ ಕಂಡುಹಿಡಿದ ಮೇಲೆ ಮುಕ್ಕಾಲು ಶತಮಾನ ಚಿತ್ರ ತೆಗೆಯುವ ಬಗೆ ಹೆಚ್ಚು ಬದಲಾಗಲಿಲ್ಲ. ಮೊದಲು ಗಾಜಿನ ಫಲಕ, ಆಮೇಲೆ ಫಿಲ್ಮ್. ಡಾರ್ಕ್ ರೂಮಿನಲ್ಲಿ ತೊಳೆದು, ಒಣಗಿಸಿ, ಕವರಿಗೆ ಹಾಕಿ ಕಪಾಟಿಗೆ ಸೇರಿಸಬೇಕು. ಇದ್ದದ್ದು ಒಂದೇ ಪ್ರತಿ. ಅದು ಆಪರೇಷನ್ ಥಿಯೇಟರಿನಲ್ಲಿದ್ದರೆ ವಾರ್ಡಿನ ಡಾಕ್ಟರು ಕಾಯಬೇಕು.

ಇದನ್ನು ಮುರಿದದ್ದು ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಇಎಂಐ ಕಂಪನಿ. ಅಲ್ಲಿನ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಅಡ್ಡಸೀಳನ್ನು ತೋರಿಸಿತು. ಬರೀ 80×80 ಚೌಕಗಳ ಒರಟು ಚಿತ್ರ. ಆದರೆ ಪ್ರತಿ ಚೌಕದ ಹಿಂದೆ ಒಂದು ಅಂಕಿ ಇತ್ತು. ಇಂದಿನ ಮಾಪನದಲ್ಲಿ ನೀರಿಗೆ 0, ಗಾಳಿಗೆ −1000, ಮೂಳೆಗೆ ನೂರಾರು. ಚಿತ್ರ ಸ್ಪಷ್ಟವಾದದ್ದಕ್ಕಿಂತ ಅಂಕಿಯಾದದ್ದೇ ದೊಡ್ಡ ಲಾಭವೆಂದು ನನಗನಿಸುತ್ತದೆ. ಎದೆಯ ಒಂದೇ ಸ್ಕ್ಯಾನನ್ನು ಶ್ವಾಸಕೋಶಕ್ಕೊಂದು ಬಗೆಯಲ್ಲಿ, ಪಕ್ಕೆಲುಬಿಗೊಂದು ಬಗೆಯಲ್ಲಿ ಹೊಂದಿಸಿ ನೋಡಬಹುದು, ಗಡ್ಡೆಯನ್ನು ಅಳೆಯಬಹುದು, ಹಳೆಯ ಸ್ಕ್ಯಾನಿನ ಪಕ್ಕದಲ್ಲಿಟ್ಟು ಬೆಳೆದಿದೆಯೇ ಎಂದು ನೋಡಬಹುದು. ರೋಗಿಯನ್ನು ಮತ್ತೆ ಮಲಗಿಸಬೇಕಿಲ್ಲ.

ಮಾಮೂಲಿ ಎಕ್ಸ್-ರೇ ಈ ದಾರಿಗೆ ಬಂದದ್ದು 1980ರ ದಶಕದಲ್ಲಿ, ಜಪಾನಿನ ಫ್ಯೂಜಿ ಫಿಲ್ಮಿನ ಬದಲಿಗೆ ತಂದ, ಚಿತ್ರವನ್ನು ಅಂಕಿಗಳಾಗಿ ಓದಬಹುದಾದ ಪ್ಲೇಟುಗಳಿಂದ. ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿತ್ರ ಕೆಡುತ್ತಿರಲಿಲ್ಲ. (ಇದರಲ್ಲೊಂದು ಅಪಾಯವೂ ಇದೆ: ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ಎಚ್ಚರಿಸುತ್ತಿತ್ತು, ಡಿಜಿಟಲ್ ಚಿತ್ರ ಇನ್ನಷ್ಟು ನುಣುಪಾಗಿ ಕಂಡು ಆ ತಪ್ಪನ್ನು ಮುಚ್ಚಿಡುತ್ತದೆ.)

ಅಷ್ಟರಲ್ಲಿ ಬೇರೊಂದು ತೊಡಕು. ಒಂದು ಕಂಪನಿಯ ಯಂತ್ರದ ಫೈಲು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಅಮೆರಿಕದ ರೇಡಿಯಾಲಜಿಸ್ಟರೂ ಯಂತ್ರ ತಯಾರಕರೂ 1983ರಲ್ಲಿ ಸಮಿತಿ ಮಾಡಿಕೊಂಡು, 1985ರಲ್ಲಿ ಮೊದಲ ಮಾನದಂಡ ತಂದರು. 1993ರಲ್ಲಿ ಅದು ಡೈಕಾಮ್ ಆಯಿತು. ರೋಗಿಯ ಹೆಸರು, ಗುರುತಿನ ಸಂಖ್ಯೆ, ದಿನಾಂಕ ಎಲ್ಲವೂ ಚಿತ್ರದ ಫೈಲಿನೊಳಗೇ ಸೇರಿದವು. ಹೊಸ ಯಂತ್ರಗಳಿಗೆ ಸಿಕ್ಕ ಹೊಗಳಿಕೆಯಲ್ಲಿ ಕಾಲುಭಾಗವೂ ಈ ಸಮಿತಿಗೆ ಸಿಕ್ಕಿಲ್ಲ.

ಚಿತ್ರಗಳನ್ನು ಸರ್ವರಿನಲ್ಲಿಟ್ಟು ಎಲ್ಲ ವಾರ್ಡುಗಳಿಗೂ ಒದಗಿಸುವ ವ್ಯವಸ್ಥೆಯೇ ಪ್ಯಾಕ್ಸ್. ಸಿಟಿಯ ಒಂದು ಸೀಳಿಗೆ 512×512 ಅಂಕಿಗಳು, ಅಂದರೆ ಸುಮಾರು ಅರ್ಧ ಎಂಬಿ. ನಾನೂರು ಸೀಳಿಗೆ 200 ಎಂಬಿ. ಡಿಸ್ಕು ಅಗ್ಗವಾಗುವವರೆಗೆ ಇದು ದುಬಾರಿ ಕನಸೇ. 1993ರಲ್ಲಿ ಬಾಲ್ಟಿಮೋರಿನ ಮಾಜಿ ಸೈನಿಕರ ಆಸ್ಪತ್ರೆ ಫಿಲ್ಮನ್ನು ಬಿಟ್ಟಿತು. 2002ರಲ್ಲಿ ಆರಂಭವಾದ ಬೆಂಗಳೂರಿನ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್, ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನುಗಳನ್ನು ನಮ್ಮ ಹಗಲಿನಲ್ಲಿ ಓದಿ ವರದಿ ಕೊಡತೊಡಗಿತು.

ಎಲ್ಲಿಂದಲಾದರೂ ತೆರೆಯುವ ಕಪಾಟಿಗೆ ಬೀಗವೂ ಬೇಕು. ಪಾಸ್‌ವರ್ಡೇ ಇಲ್ಲದ ನೂರಾರು ಪ್ಯಾಕ್ಸ್ ಸರ್ವರುಗಳು ಅಂತರ್ಜಾಲದಲ್ಲಿ ತೆರೆದುಕೊಂಡಿರುವುದನ್ನು 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಸಂಸ್ಥೆ ಪತ್ತೆಹಚ್ಚಿತು.

ನಮ್ಮಲ್ಲಿ ಸ್ಕ್ಯಾನ್ ಸೆಂಟರುಗಳು ಈಗಲೂ ದೊಡ್ಡ ಕವರಿನಲ್ಲಿ ಪ್ರಿಂಟಾದ ಫಿಲ್ಮನ್ನು ಕೈಗಿಡುತ್ತವೆ. ಜೊತೆಗೆ ಡೈಕಾಮ್ ಫೈಲುಗಳಿರುವ ಸಿಡಿಯನ್ನೋ ಲಿಂಕನ್ನೋ ಕೇಳಿ ಪಡೆಯಬಹುದು. ಫಿಲ್ಮಿನ ಫೋಟೊ ತೆಗೆದು ಇನ್ನೊಬ್ಬ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ಅಳೆಯಲು, ಹೊಂದಿಸಲು ಬೇಕಾದ ಅಂಕಿಗಳು ಯಾವುವೂ ಆ ಡಾಕ್ಟರನ್ನು ತಲುಪುವುದಿಲ್ಲ.